ಅತಿಥಿ ಗಣಕದ ಮೌನ: ವರ್ಚುವಲ್ ಮಷೀನ್ ತಂತ್ರಾಂಶಗಳಲ್ಲಿ ಪರದೆವಾಚಕದ ಬಳಕೆ

ಕನ್ನಡದ ಅನೇಕ ಜಾನಪದ ಸಂಗ್ರಹಗಳು ಗಣಕಯಂತ್ರಕ್ಕೆ ಸೇರಿದ್ದು ಯೂನಿಕೋಡ್ ಸಂಕೇತವ್ಯವಸ್ಥೆಯ ಬಳಕೆ ವ್ಯಾಪಕವಾಗುವುದಕ್ಕೆ ಮುಂಚೆ. ಆ ಕಡತಗಳಲ್ಲಿ ಅಡಕವಾಗಿರುವುದು ಕನ್ನಡ ಅಕ್ಷರಗಳಲ್ಲ. ರೋಮನ್ ಅಕ್ಷರಗಳಿಗೆ ಮತ್ತು ಚಿಹ್ನೆಗಳಿಗೆ ಮೀಸಲಾದ ಸಂಕೇತಸ್ಥಾನಗಳು. ಅವುಗಳಿಗೆ ಕನ್ನಡದ ಆಕಾರವನ್ನು ತೊಡಿಸುವುದು ಫಾಂಟು. ಕಣ್ಣಿಗೆ ಅದು ಕನ್ನಡವೇ ಹೌದು. ಆದರೆ ಅಂಧ ಓದುಗರು ಬಳಸುವ ಪರದೆವಾಚಕ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಮಾಲೆ. ಪೇಜ್‌ಮೇಕರ್‌ನಲ್ಲಿ ಪುಟವಿನ್ಯಾಸಗೊಂಡ ಪುಸ್ತಕಗಳ ಸ್ಥಿತಿ ಇನ್ನೂ ಕಷ್ಟದ್ದು. ಆ ತಂತ್ರಾಂಶದ ಕೊನೆಯ ಮುಖ್ಯ ಆವೃತ್ತಿ 2001ರಲ್ಲಿ ಬಂದ 7.0. ಅದರ ಕಡತಗಳನ್ನು ಇಂದು ಅದೇ ತಂತ್ರಾಂಶದಲ್ಲಿ ತೆರೆಯಬೇಕಾದರೆ ಅದಕ್ಕೆ ಹೊಂದುವ ಹಳೆಯ ವಿಂಡೋಸ್ ವ್ಯವಸ್ಥೆಯನ್ನು ಎಲ್ಲಿಯಾದರೂ ಜೀವಂತವಾಗಿ ಇಟ್ಟುಕೊಂಡಿರಬೇಕಾಗುತ್ತದೆ. ಇಂದಿನ ಗಣಕದೊಳಗೆ ಹಾಗೆ ಇಟ್ಟುಕೊಳ್ಳುವ ಉಪಾಯವೇ ವರ್ಚುವಲ್ ಮಷೀನ್.

ನನ್ನ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿರುವ ಅಂಧ ವಿದ್ಯಾರ್ಥಿಯೊಬ್ಬರು ಇಂತಹ ಒಂದು ಗೀತಸಂಗ್ರಹವನ್ನು ತೆರೆಯಲು ತೊಡಗಿದಾಗ ಈ ಲೇಖನದ ವಸ್ತು ನನ್ನ ಎದುರಿಗೆ ಬಂದಿತು. ನನಗಿಂತ ಎಷ್ಟೋ ವೇಗವಾಗಿ ಗಣಕವನ್ನು ಬಳಸಬಲ್ಲ ಅವರು, ಹಳೆಯ ವಿಂಡೋಸ್ ತೆರೆದುಕೊಂಡ ಕ್ಷಣದಲ್ಲಿ ಕೈಕಟ್ಟಿ ಕುಳಿತು, ಪರದೆಯ ಮೇಲೆ ಏನಿದೆಯೆಂದು ಓದಿ ಹೇಳುವಂತೆ ನನ್ನನ್ನು ಕೇಳಿದರು. ಅದುವರೆಗೆ ಮಾತನಾಡುತ್ತಿದ್ದ ಯಂತ್ರವು ಆ ಕಿಟಕಿಯೊಳಗೆ ಹೊಕ್ಕೊಡನೆ ಮೂಕವಾಗಿತ್ತು. ಈ ಮೌನದ ಕಾರಣವೇನು, ಅದನ್ನು ಮುರಿಯುವ ದಾರಿಗಳಾವುವು, ಆ ದಾರಿಗಳ ತಿಳಿವಳಿಕೆ ಯಾವ ರೀತಿಯಲ್ಲಿ ಪ್ರಸಾರವಾಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರದೆವಾಚಕವು ಪರದೆಯನ್ನು ನೋಡಿ ಓದುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಇದು ಸರಿಯಲ್ಲ. ವಿಂಡೋಸ್‌ನಲ್ಲಿ ಜಾಸ್, ಎನ್‌ವಿಡಿಎ ಮತ್ತು ನ್ಯಾರೇಟರ್, ಮ್ಯಾಕ್‌ನಲ್ಲಿ ವಾಯ್ಸ್‌ಓವರ್, ಲಿನಕ್ಸ್‌ನಲ್ಲಿ ಓರ್ಕಾ ಮುಂತಾದ ತಂತ್ರಾಂಶಗಳು ನೋಡುವುದಿಲ್ಲ, ಕೇಳುತ್ತವೆ. ಈಗ ಬಳಕೆದಾರರ ಗಮನ ಯಾವ ಅಂಶದ ಮೇಲಿದೆ, ಅದರ ಹೆಸರೇನು, ಅದು ಗುಂಡಿಯೋ ಪಟ್ಟಿಯೋ ಬರೆಯುವ ಚೌಕವೋ, ಅದು ಆಯ್ಕೆಯಾಗಿದೆಯೋ ಇಲ್ಲವೋ ಎಂದು ಕಾರ್ಯಾಚರಣ ವ್ಯವಸ್ಥೆಯನ್ನು ಪ್ರಶ್ನಿಸುತ್ತವೆ. ದೊರೆತ ಉತ್ತರವನ್ನು ದನಿಗೋ ಬ್ರೈಲ್ ಚುಕ್ಕಿಗಳಿಗೋ ಒಪ್ಪಿಸುತ್ತವೆ. ಅಂದರೆ ಪ್ರತಿಯೊಂದು ತಂತ್ರಾಂಶವೂ ತನ್ನ ರೂಪವನ್ನು ಪರದೆಯ ಮೇಲೆ ಚಿತ್ರಿಸುವುದರ ಜೊತೆಗೆ, ತನ್ನ ಅಂಗಾಂಗಗಳ ಹೆಸರು ಮತ್ತು ಸಂಬಂಧಗಳನ್ನು ವಂಶವೃಕ್ಷದಂತೆ ವ್ಯವಸ್ಥೆಗೆ ಒಪ್ಪಿಸಬೇಕು. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಈ ವಂಶವೃಕ್ಷವಿಲ್ಲದಿದ್ದರೆ ಪರದೆವಾಚಕದ ಪಾಲಿಗೆ ಅಲ್ಲಿ ಏನೂ ಇಲ್ಲ.

ಈ ಏರ್ಪಾಡು ಹುಟ್ಟಿದ ಬಗೆಯನ್ನು ಅರಿಯದೆ ಇಂದಿನ ಸಮಸ್ಯೆ ಅರ್ಥವಾಗದು. ಡಾಸ್ ಕಾಲದ ಪರದೆ ಎಂಬುದು 80 ಕಂಬ, 25 ಸಾಲುಗಳ ಅಕ್ಷರಪಟ್ಟಿಕೆ. ಅದರ ಎರಡು ಸಾವಿರ ಮನೆಗಳಲ್ಲಿ ಯಾವ ಅಕ್ಷರವಿದೆಯೆಂಬುದು ಯಂತ್ರದ ಸ್ಮೃತಿಯಲ್ಲಿ ಅಕ್ಷರರೂಪದಲ್ಲಿಯೇ ಇರುತ್ತಿತ್ತು. ಆ ಸ್ಮೃತಿಯನ್ನು ಓದಿ ಹೇಳಿದರೆ ಸಾಕಾಗುತ್ತಿತ್ತು. ಐಬಿಎಂ ಸಂಸ್ಥೆಯಲ್ಲಿ ಜಿಮ್ ಥ್ಯಾಚರ್ 1980ರ ದಶಕದಲ್ಲಿ ರೂಪಿಸಿದ ಪರದೆವಾಚಕವೂ, ಟೆಡ್ ಹೆಂಟರ್ ಅವರ ಸಂಸ್ಥೆ 1989ರಲ್ಲಿ ಹೊರತಂದ ಜಾಸ್‌ನ ಮೊದಲ ರೂಪವೂ ಇಂತಹ ಅಕ್ಷರಲೋಕಕ್ಕೆ ಸೇರಿದವು. ಕಿಟಕಿ, ಗುಂಡಿ, ಮೌಸ್‌ಗಳ ಚಿತ್ರಾತ್ಮಕ ವ್ಯವಸ್ಥೆ ಬಂದಾಗ ಪರದೆಯು ಅಕ್ಷರಪಟ್ಟಿಕೆಯಾಗಿ ಉಳಿಯದೆ ಬಣ್ಣದ ಬಿಂದುಗಳ ಹಾಸಾಯಿತು. ಅಂಧ ಬಳಕೆದಾರರು ಉದ್ಯೋಗ ಕಳೆದುಕೊಳ್ಳುವ ಭಯ ಆಗ ಬರಿಯ ಕಲ್ಪನೆಯಾಗಿರಲಿಲ್ಲ. ತಂತ್ರಜ್ಞರು ಒಂದು ಉಪಾಯ ಹೂಡಿದರು. ಪರದೆಯ ಮೇಲೆ ಅಕ್ಷರ ಬರೆಯಲು ತಂತ್ರಾಂಶ ನೀಡುವ ಆಜ್ಞೆಯನ್ನು ನಡುವೆಯೇ ಹಿಡಿದು, ಪರದೆಯ ಹೊರಗೆ ಅದರದೊಂದು ಅಕ್ಷರರೂಪದ ನಕಲನ್ನು ಕಟ್ಟಿಕೊಳ್ಳುವುದು ಆ ಉಪಾಯ. 1995ರಲ್ಲಿ ವಿಂಡೋಸ್‌ಗೆ ಬಂದ ಜಾಸ್ ಈ ಬಗೆಯ ನಕಲನ್ನು ಅವಲಂಬಿಸಿತ್ತು. 1997ರಲ್ಲಿ ಮೈಕ್ರೋಸಾಫ್ಟ್ ಆಕ್ಟಿವ್ ಆಕ್ಸೆಸಿಬಿಲಿಟಿ ಎಂಬ ಒಪ್ಪಂದವನ್ನು ರೂಪಿಸಿದ ಮೇಲೆ, ತಂತ್ರಾಂಶಗಳೇ ತಮ್ಮ ಅಂಗಗಳ ಹೆಸರು ಹೇಳುವ ಮೇಲಣ ಪದ್ಧತಿ ಕ್ರಮೇಣ ನೆಲೆಗೊಂಡಿತು. ವಾಯ್ಸ್‌ಓವರ್ 2005ರಲ್ಲಿಯೂ, ಗ್ನೋಮ್‌ನ ಭಾಗವಾಗಿ ಓರ್ಕಾ 2006ರಲ್ಲಿಯೂ ಬಂದವು. ಆಸ್ಟ್ರೇಲಿಯದ ಮೈಕೆಲ್ ಕರನ್ ಅವರು ಎನ್‌ವಿಡಿಎಯನ್ನು ಆರಂಭಿಸಿದ್ದು 2006ರಲ್ಲಿಯೇ. ಸ್ವತಃ ಅಂಧರಾದ ಅವರು ತಮ್ಮ ಸಹವರ್ತಿ ಜೇಮ್ಸ್ ಟೆ ಅವರೊಡನೆ ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಭಾರತದಂತಹ ದೇಶದಲ್ಲಿ ಇದರಿಂದಾದ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಇನ್ನು ವರ್ಚುವಲ್ ಮಷೀನ್. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಕಲ್ಪಿಸುವ ವಿಚಾರ ಹೊಸದಲ್ಲ. 1972ರಷ್ಟು ಹಿಂದೆಯೇ ಐಬಿಎಂ ತನ್ನ ಬೃಹತ್ ಗಣಕಗಳಿಗೆ ಅಂತಹ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಮೇಜಿನ ಮೇಲಿನ ಗಣಕಕ್ಕೆ ಅದು ಬಂದದ್ದು 1999ರ ವಿಎಂವೇರ್ ವರ್ಕ್‌ಸ್ಟೇಷನ್‌ನಿಂದ. 2007ರಲ್ಲಿ ವರ್ಚುವಲ್‌ಬಾಕ್ಸ್ ಮುಕ್ತ ತಂತ್ರಾಂಶವಾಗಿ ಲಭ್ಯವಾಯಿತು. ಮೈಕ್ರೋಸಾಫ್ಟ್‌ನ ಹೈಪರ್-ವಿ ಮೊದಲು ಸರ್ವರ್‌ಗಳಲ್ಲಿ, ಅನಂತರ 2012ರ ವಿಂಡೋಸ್ 8ರಲ್ಲಿ ಸೇರಿಕೊಂಡಿತು. ಈ ಕ್ಷೇತ್ರದ ಪರಿಭಾಷೆಯಲ್ಲಿ ಹೊರಗಿನ ನಿಜವಾದ ಗಣಕವನ್ನು ಆತಿಥೇಯ ಎಂದೂ, ಒಳಗೆ ಕಲ್ಪಿತವಾದದ್ದನ್ನು ಅತಿಥಿ ಎಂದೂ ಕರೆಯಲಾಗುತ್ತದೆ. ಒಳಗಿರುವ ಅತಿಥಿ ತಾನೊಂದು ಸ್ವತಂತ್ರ ಯಂತ್ರವೆಂದೇ ಭಾವಿಸಿರುತ್ತದೆ. ತನಗೊಂದು ಪರದೆಯಿದೆಯೆಂದು ನಂಬಿ ಅದರ ಮೇಲೆ ಚಿತ್ರಿಸುತ್ತದೆ. ಆ ಕಲ್ಪಿತ ಪರದೆಯ ಬಿಂದುಗಳನ್ನು ಎತ್ತಿ ಆತಿಥೇಯ ಗಣಕದ ಒಂದು ಕಿಟಕಿಯಲ್ಲಿ ತೋರಿಸುವುದಷ್ಟೇ ವರ್ಚುವಲ್ ಮಷೀನ್ ತಂತ್ರಾಂಶದ ಕೆಲಸ.

ತೊಡಕಿರುವುದು ಇಲ್ಲಿಯೇ. ಗಡಿ ದಾಟಿ ಬರುವುದು ಬಿಂದುಗಳು ಮಾತ್ರ, ಹೆಸರುಗಳು ಬರುವುದಿಲ್ಲ. ಅತಿಥಿಯೊಳಗಿನ ಗುಂಡಿ, ಪಟ್ಟಿ, ಸಾಲುಗಳ ವಂಶವೃಕ್ಷ ಅತಿಥಿಯೊಳಗೇ ಉಳಿಯುತ್ತದೆ. ಆತಿಥೇಯದ ಪರದೆವಾಚಕ ಆ ಕಿಟಕಿಯನ್ನು ಕುರಿತು ಪ್ರಶ್ನಿಸಿದರೆ ಅದಕ್ಕೆ ದೊರೆಯುವ ಉತ್ತರ ಕಿಟಕಿಯ ಶೀರ್ಷಿಕೆ ಮಾತ್ರ. ಅದರಿಂದಾಚೆಗೆ ಇರುವುದು ಒಂದು ಚಿತ್ರ. ಅಂಧ ಬಳಕೆದಾರರು ಚಿತ್ರಾತ್ಮಕ ವ್ಯವಸ್ಥೆಯ ಆರಂಭದಲ್ಲಿ ಎದುರಿಸಿದ್ದ ಬಿಕ್ಕಟ್ಟು ಈ ಕಿಟಕಿಯೊಳಗೆ ಯಥಾವತ್ತಾಗಿ ಮರಳಿ ಬಂದಿದೆ ಎನ್ನಬಹುದು. ನಮ್ಮ ಹಳೆಯ ಫಾಂಟುಗಳ ಕಡತಕ್ಕೂ ಇದಕ್ಕೂ ಇರುವ ಸಾಮ್ಯವನ್ನು ಗಮನಿಸಬೇಕು. ಎರಡು ಕಡೆಯೂ ಆಕಾರವಿದೆ, ಅದರ ಹಿಂದೆ ಇರಬೇಕಾದ ಅಕ್ಷರ ಇಲ್ಲ.

ಈ ಮೌನದೊಂದಿಗೆ ವ್ಯವಹರಿಸುವ ಕ್ರಮಗಳನ್ನು ನೋಡುವಾಗ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಒಂದು, ಅತಿಥಿಯನ್ನು ಸೃಷ್ಟಿಸಿ ನಿರ್ವಹಿಸುವ ತಂತ್ರಾಂಶದ ಹೊರಮೈ. ಇನ್ನೊಂದು, ಅತಿಥಿಯ ಒಳಗು. ಹೊರಮೈಯ ತೊಂದರೆಗೆ ಪರಿಹಾರ ಇದ್ದೇ ಇದೆ. ಹೆಸರಿಲ್ಲದ ಗುಂಡಿಗಳು, ಕೀಲಿಮಣೆಗೆ ಸಿಗದ ಪಟ್ಟಿಗಳು ಎದುರಾದರೂ ಇವೇ ಕೆಲಸಗಳನ್ನು ಅಕ್ಷರರೂಪದ ಆಜ್ಞೆಗಳಿಂದ ಮಾಡಿಸಬಹುದು. ವರ್ಚುವಲ್‌ಬಾಕ್ಸ್‌ಗೆ ವಿಬಾಕ್ಸ್‌ಮ್ಯಾನೇಜ್ ಎಂಬ ಆಜ್ಞಾಸಮೂಹವಿದೆ. ಹೈಪರ್-ವಿಯನ್ನು ಪವರ್‌ಶೆಲ್ ಮೂಲಕ ನಡೆಸಬಹುದು. ವಿಎಂವೇರ್‌ನ ಪ್ರತಿಯೊಂದು ಅತಿಥಿಯ ವಿವರಗಳೂ ನೋಟ್‌ಪ್ಯಾಡ್‌ನಲ್ಲಿ ತಿದ್ದಬಹುದಾದ ಸರಳ ಪಠ್ಯಕಡತದಲ್ಲಿರುತ್ತವೆ. ಅಂಧ ತಂತ್ರಜ್ಞರಲ್ಲಿ ಹಲವರು ಮೌಸ್ ಹಿಡಿದವರಿಗಿಂತ ಈ ದಾರಿಯಲ್ಲಿ ಮುಂದಿದ್ದಾರೆ.

ಒಳಗಿನ ಮೌನಕ್ಕೆ ಇರುವ ಮುಖ್ಯ ಪರಿಹಾರವೆಂದರೆ ಅತಿಥಿಯೊಳಗೆ ಮತ್ತೊಂದು ಪರದೆವಾಚಕವನ್ನು ಕೂರಿಸುವುದು. ಅತಿಥಿಯ ವಂಶವೃಕ್ಷವನ್ನು ಅತಿಥಿಯಲ್ಲಿಯೇ ಇರುವ ವಾಚಕವು ಓದುತ್ತದೆ. ಗಡಿ ದಾಟಬೇಕಾದದ್ದು ಧ್ವನಿ ಮಾತ್ರ. ಕಲ್ಪಿತ ಯಂತ್ರಕ್ಕೆ ಕಲ್ಪಿತ ಧ್ವನಿಪಟ್ಟಿಯನ್ನೂ ಜೋಡಿಸಬಹುದಾದ್ದರಿಂದ ಇದು ಸಾಧ್ಯ. ಆದರೆ ಧ್ವನಿಪಟ್ಟಿಯ ಆಯ್ಕೆ ತಪ್ಪಿದರೆ ಎಲ್ಲವೂ ತಪ್ಪಿತು. ವಿಂಡೋಸ್ ಎಕ್ಸ್‌ಪಿಗೆ ಹೊಂದುವ ಎಸಿ97 ಮಾದರಿಯ ಪಟ್ಟಿಯನ್ನು 64 ಬಿಟ್‌ನ ವಿಂಡೋಸ್ 7ಕ್ಕೆ ಜೋಡಿಸಿದರೆ, ಅದಕ್ಕೆ ಬೇಕಾದ ಚಾಲಕ ತಂತ್ರಾಂಶ ಒಳಗೆ ಇಲ್ಲದೆ ಅತಿಥಿ ಮೂಕವಾಗಿ ಉಳಿಯುತ್ತದೆ. ನೋಡಬಲ್ಲವರಿಗೆ ಅದು ಕ್ಷುಲ್ಲಕ ದೋಷ, ಸದ್ದಿಲ್ಲವಷ್ಟೇ. ಅಂಧ ಬಳಕೆದಾರರಿಗೆ ಅದು ಯಂತ್ರವೇ ಇಲ್ಲದಿರುವುದಕ್ಕೆ ಸಮ. ಹೈಪರ್-ವಿಯಲ್ಲಿ ಈ ತೊಡಕು ಇನ್ನೂ ಮೂಲಭೂತವಾದದ್ದು. ಅದು ಧ್ವನಿಪಟ್ಟಿಯನ್ನು ಕಲ್ಪಿಸುವುದೇ ಇಲ್ಲ. ದೂರಸಂಪರ್ಕ ವಿಧಾನವನ್ನು ಆಧರಿಸಿದ ವರ್ಧಿತ ಅಧಿವೇಶನದಲ್ಲಿ ಮಾತ್ರ ಸದ್ದು ಬರುತ್ತದೆ. ಆ ಅಧಿವೇಶನವಾದರೋ ಅತಿಥಿಯೊಳಗೆ ಕಾರ್ಯಾಚರಣ ವ್ಯವಸ್ಥೆ ಸ್ಥಾಪಿತವಾಗಿ ಎಚ್ಚೆತ್ತ ಮೇಲೆಯೇ ದೊರೆಯುತ್ತದೆ. ಸ್ಥಾಪನೆ ಪೂರ್ತಿಯಾಗಿ ಮೌನದಲ್ಲಿ ನಡೆಯಬೇಕು.

ಸ್ಥಾಪನೆಯ ಈ ಘಟ್ಟವೇ ಎಲ್ಲಕ್ಕಿಂತ ಕಠಿಣ. ಹುಟ್ಟುವ ಮುನ್ನ ಯಂತ್ರ ಮಾತನಾಡಲಾರದು. ಬಯೋಸ್ ಪರದೆಗೆ ಪರದೆವಾಚಕವಿಲ್ಲ. ಎಕ್ಸ್‌ಪಿಯ ಸ್ಥಾಪನೆಯ ಮೊದಲ ಭಾಗ ನೀಲಿ ಹಿನ್ನೆಲೆಯ ಮೂಕ ಅಕ್ಷರಪರದೆ. ಡೆಬಿಯನ್ ಲಿನಕ್ಸ್ ಈ ವಿಷಯದಲ್ಲಿ ಮೆಚ್ಚತಕ್ಕ ಕೆಲಸ ಮಾಡಿದೆ. 2013ರ ವೀಜಿ ಆವೃತ್ತಿಯಿಂದ ಅದರ ಸ್ಥಾಪಕವು ತಂತ್ರಾಂಶದ ದನಿಯಲ್ಲಿಯೇ ಮಾತನಾಡುತ್ತದೆ. ಆರಂಭದ ಪಟ್ಟಿ ಸಿದ್ಧವಾದಾಗ ಒಂದು ಬೀಪ್ ಸದ್ದು. ಆಗ ಎಸ್ ಕೀಲಿ, ಎಂಟರ್ ಕೀಲಿ. ಸ್ವಲ್ಪ ಹೊತ್ತಿಗೆ ಮಾತು. ಆದರೆ ಈ ಬೀಪ್ ನಿಜವಾದ ಗಣಕದ ಒಳಸ್ಪೀಕರನ್ನು ನಂಬಿದ್ದು. ಎಲ್ಲ ವರ್ಚುವಲ್ ಮಷೀನ್‌ಗಳಲ್ಲಿಯೂ ಅದು ಹೊರಗೆ ಕೇಳಿಸದು. ಆದ್ದರಿಂದ ಬಳಕೆದಾರರು ಸೆಕೆಂಡುಗಳನ್ನು ಎಣಿಸಿ ಕೀಲಿ ಒತ್ತುತ್ತಾರೆ. ಈಚಿನ ವಿಂಡೋಸ್ ಸ್ಥಾಪನೆಯಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿ ನ್ಯಾರೇಟರನ್ನು ಕರೆಯಬಹುದು. ಇಲ್ಲಿಯೂ ಒಂದು ವಿನೋದವಿದೆ. ಕೀಲಿಮಣೆ ಅತಿಥಿಯ ವಶದಲ್ಲಿ ಇಲ್ಲದಿದ್ದರೆ ಎಚ್ಚರಗೊಳ್ಳುವುದು ಹೊರಗಿನ ಯಂತ್ರದ ನ್ಯಾರೇಟರ್. ಎಲ್ಲವೂ ಸರಿಹೋಯಿತೆಂದು ಬಳಕೆದಾರರು ಕ್ಷಣಕಾಲ ಹಿಗ್ಗುತ್ತಾರೆ. ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಟ್ಟು ಸ್ಥಾಪನೆಯನ್ನು ತಾನಾಗಿ ನಡೆಯಲು ಬಿಡುವ ಕ್ರಮ ಇದಕ್ಕಿಂತ ನೆಮ್ಮದಿಯದು. 2022ರ ವರ್ಚುವಲ್‌ಬಾಕ್ಸ್ 7.0 ಅದನ್ನು ಹೊಸ ಅತಿಥಿಯನ್ನು ಸೃಷ್ಟಿಸುವ ಹಂತದಲ್ಲಿಯೇ ಸೇರಿಸಿತು. ಅಂಧರಿಗಾಗಿ ಮಾಡಿದ್ದಲ್ಲವಾದರೂ ಅವರಿಗೆ ಇದರಿಂದಾದಷ್ಟು ಉಪಯೋಗ ಬೇರಾರಿಗೂ ಆಗಿರಲಾರದು.

ಎರಡು ವಾಚಕಗಳು ಒಂದೇ ಕೀಲಿಮಣೆಯನ್ನು ಹಂಚಿಕೊಂಡಾಗ ಒಡೆತನದ ಜಗಳ ಹುಟ್ಟುತ್ತದೆ. ಎನ್‌ವಿಡಿಎಯ ಬಹುಪಾಲು ಆಜ್ಞೆಗಳು ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್ ಕೀಲಿಯಿಂದ ಆರಂಭವಾಗುತ್ತವೆ. ಒಳಗೂ ಹೊರಗೂ ಅದೇ ವಾಚಕವಿದ್ದರೆ ಹೊರಗಿನದು ಆ ಕೀಲಿಯನ್ನು ಮೊದಲೇ ನುಂಗಿಬಿಡುತ್ತದೆ. ಒಳಗಿನದಕ್ಕೆ ಸುದ್ದಿಯೇ ತಲುಪದು. ಆದ್ದರಿಂದ ಆ ಕಿಟಕಿಯ ಮಟ್ಟಿಗೆ ಹೊರಗಿನ ವಾಚಕವನ್ನು ನಿದ್ರಾಸ್ಥಿತಿಗೆ ಕಳುಹಿಸಬೇಕು. ಅತಿಥಿಯಿಂದ ಹೊರಬರುವ ಕೀಲಿ ಒಂದೊಂದು ತಂತ್ರಾಂಶದಲ್ಲಿ ಒಂದೊಂದು: ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್, ವಿಎಂವೇರ್‌ನಲ್ಲಿ ಕಂಟ್ರೋಲ್ ಮತ್ತು ಆಲ್ಟ್, ಹೈಪರ್-ವಿಯಲ್ಲಿ ಅವೆರಡರ ಜೊತೆಗೆ ಎಡಬಾಣ. ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಕೀಲಿಯೇ ಇಲ್ಲ. ಬೇರೊಂದು ಕೀಲಿಗೆ ಆ ಹೆಸರನ್ನು ಹೊರಿಸಬೇಕು. ಆಪಲ್ ತನ್ನದೇ ಸಂಸ್ಕಾರಕಗಳಿಗೆ 2020ರಲ್ಲಿ ಹೊರಳಿದ ಮೇಲೆ ಆ ಯಂತ್ರಗಳಲ್ಲಿ ಬೂಟ್ ಕ್ಯಾಂಪ್ ಸೌಲಭ್ಯವಿಲ್ಲದಿರುವುದರಿಂದ, ಅವುಗಳ ಮೇಲೆ ಪೂರ್ಣ ವಿಂಡೋಸ್ ಬೇಕೆನ್ನುವವರು ವರ್ಚುವಲ್ ಮಷೀನನ್ನೇ ಆಶ್ರಯಿಸಬೇಕಾಗಿದೆ.

ಚಿತ್ರವನ್ನು ಚಿತ್ರವಾಗಿಯೇ ಓದಿಸುವ ಅಕ್ಷರಗುರುತಿನ ತಂತ್ರವೂ ಉಂಟು. ಜಾಸ್ 2011ರಲ್ಲಿಯೂ, ವಿಂಡೋಸ್ 10ರ ನೆರವಿನಿಂದ ಎನ್‌ವಿಡಿಎ 2017ರಲ್ಲಿಯೂ ಇದನ್ನು ಅಳವಡಿಸಿಕೊಂಡವು. ಬಯೋಸ್ ಪರದೆಯ ಮೇಲಿನ ದೋಷಸಂದೇಶವನ್ನು ಓದಲು ಇದು ಬಲು ಉಪಯುಕ್ತ. ಆದರೆ ಪಟ್ಟಿಯ ಐದು ಸಾಲುಗಳನ್ನು ಓದಿ ಹೇಳುವ ಈ ತಂತ್ರ, ಅವುಗಳಲ್ಲಿ ಬಣ್ಣ ಬದಲಾಗಿ ಆಯ್ಕೆಯಾಗಿರುವ ಸಾಲು ಯಾವುದೆಂದು ಹೇಳದು. ಡಿಸ್ಕನ್ನು ಅಳಿಸುವ ಸಾಲಿಗೂ ಉಳಿಸುವ ಸಾಲಿಗೂ ನಡುವಣ ವ್ಯತ್ಯಾಸ ಎಂತಹದೆಂದು ಬೇರೆ ಹೇಳಬೇಕಿಲ್ಲ. ಗಡಿಯಾಚೆಗೆ ಬಿಂದುವಿನ ಬದಲು ಮಾತನ್ನೇ ಅಕ್ಷರರೂಪದಲ್ಲಿ ಸಾಗಿಸುವ ಕ್ರಮ ಇದಕ್ಕಿಂತ ಮೇಲು. 2015ರಲ್ಲಿ ಪೂರಕ ತಂತ್ರಾಂಶವಾಗಿ ಹುಟ್ಟಿ, 2025ರಲ್ಲಿ ಎನ್‌ವಿಡಿಎಯೊಳಗೇ ಸೇರಿಹೋದ ದೂರಪ್ರವೇಶ ಸೌಲಭ್ಯ ಇಂತಹದು. ಅತಿಥಿಯಲ್ಲಿರುವ ವಾಚಕ ಹೇಳಬೇಕಾದದ್ದನ್ನು ಆತಿಥೇಯದ ವಾಚಕ ತನ್ನ ದನಿಯಲ್ಲಿ ಹೇಳುತ್ತದೆ. ಧ್ವನಿಪಟ್ಟಿಯ ಹಂಗು ಇಲ್ಲ. ಕಲ್ಪಿತ ಪಟ್ಟಿಗಳಲ್ಲಿ ಸಾಮಾನ್ಯವಾದ ತೊದಲು, ತಡ ಇಲ್ಲ. ಆದರೆ ಎರಡೂ ಕಡೆ ಎನ್‌ವಿಡಿಎ ಇರಬೇಕು, ಅತಿಥಿಯೂ ಈಚಿನ ವಿಂಡೋಸ್ ಆಗಿರಬೇಕು.

ಮೇಲಣ ವಿವರಗಳಲ್ಲಿ ಬಹುಪಾಲನ್ನು ನಾನು ಕಲಿತದ್ದು ಕೈಪಿಡಿಗಳಿಂದಲ್ಲ, ನನ್ನ ವಿದ್ಯಾರ್ಥಿಯಿಂದ. ಅವರು ಕಲಿತದ್ದು ಮತ್ತೊಬ್ಬ ಅಂಧ ಬಳಕೆದಾರರ ಧ್ವನಿಮುದ್ರಣದಿಂದ. ಒಂದಾದರೂ ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಜನಪದವಾಗಬಲ್ಲದೆಂದು ಅಲನ್ ಡಂಡೆಸ್ ವಾದಿಸಿದ್ದರು. ಆ ದೃಷ್ಟಿಯಿಂದ ಇದೊಂದು ಜನಪದ. ಇಲ್ಲಿಯ ತಿಳಿವಳಿಕೆಯು ‘ಕೆಳಬಾಣ ಮೂರು ಸಲ, ಎಂಟರ್, ಇಪ್ಪತ್ತು ಎಣಿಸುವವರೆಗೆ ಕಾಯುವುದು, ಆಮೇಲೆ ಟ್ಯಾಬ್ ಎರಡು ಸಲ’ ಎಂಬಂತಹ ಕಂಠಸ್ಥ ಸೂತ್ರಗಳ ರೂಪದಲ್ಲಿದೆ. ಅದಕ್ಕೆ ಪಾಠಾಂತರಗಳಿವೆ, ತಂತ್ರಾಂಶದ ಹೊಸ ಆವೃತ್ತಿ ಬಂದು ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿದರೆ ಸೂತ್ರ ಕೆಡುತ್ತದೆ, ಯಾರೋ ಒಬ್ಬರು ತಿದ್ದಿ ಮತ್ತೆ ಹರಿಯಬಿಡುತ್ತಾರೆ. ಉಬುಂಟು ಪ್ರವೇಶಪರದೆ ಸಿದ್ಧವಾದಾಗ ಕೇಳಿಸುತ್ತಿದ್ದ ಡೋಲಿನ ಸದ್ದಿನಂತಹ ಗುರುತುಗಳು ಕಾಣುವವರಿಗೆ ಅಲಂಕಾರ, ಇವರಿಗೆ ಮೈಲಿಗಲ್ಲು. ಕ್ಷೇತ್ರಕಾರ್ಯಕ್ಕೆ ಯೋಗ್ಯವಾದ ಈ ಸಾಮಗ್ರಿಯನ್ನು ನಮ್ಮ ವಿಭಾಗಗಳು ಇನ್ನೂ ಗಂಭೀರವಾಗಿ ಪರಿಗಣಿಸಬೇಕಾಗಿದೆ. ಆದರೆ ಜಾನಪದ ವಿದ್ವಾಂಸರಿಗೆ ಸಹಜವಾದ ಮೋಹವೊಂದನ್ನು ಇಲ್ಲಿ ತಡೆದುಕೊಳ್ಳಬೇಕು. ಈ ಸೂತ್ರಗಳು ಹುಟ್ಟಿರುವುದು ತಯಾರಕರು ಬಿಟ್ಟುಹೋದ ಕಂದಕವನ್ನು ದಾಟಲು. ಕಂದಕ ಮುಚ್ಚಿ ಸೂತ್ರಗಳು ಮರೆತುಹೋದರೆ ಅದಕ್ಕಾಗಿ ನಾನು ಮರುಗಲಾರೆ.

ಗ್ರಂಥಾಲಯಗಳಿಗೆ ಇದು ಪರರ ಸಮಸ್ಯೆಯಲ್ಲ. ಹಳೆಯ ತಂತ್ರಾಂಶಗಳನ್ನು ಕಲ್ಪಿತ ಯಂತ್ರಗಳಲ್ಲಿ ಉಳಿಸಿಡುವ ಕಾರ್ಯ ಜಗತ್ತಿನ ಹಲವೆಡೆ ನಡೆದಿದೆ. ಇಂಟರ್ನೆಟ್ ಆರ್ಕೈವ್ 2015ರಲ್ಲಿ ಸಾವಿರಾರು ಡಾಸ್ ಆಟಗಳನ್ನು ಬ್ರೌಸರಿನಲ್ಲಿಯೇ ನಡೆಯುವಂತೆ ಒದಗಿಸಿತು. ಅಲ್ಲಿಯೂ ಓದುಗರಿಗೆ ತಲುಪುವುದು ಚಿತ್ರವೇ. ಡಾಸ್ ಕಾಲದಲ್ಲಿ ಅಕ್ಷರವಾಗಿ ಓದಿಸಿಕೊಳ್ಳುತ್ತಿದ್ದ ಪರದೆ, ಸಂರಕ್ಷಣೆಗೊಳಗಾದ ಮೇಲೆ ಓದಿಸಿಕೊಳ್ಳದಂತಾಗಿದೆ. ಹಳೆಯ ವ್ಯವಸ್ಥೆಯ ಡಿಸ್ಕ್ ಪ್ರತಿಯನ್ನು ಕಾಪಿಡುವ ಗ್ರಂಥಾಲಯ ಅದರೊಡನೆ ಆ ಕಾಲಕ್ಕೆ ಹೊಂದುವ ಪರದೆವಾಚಕವನ್ನೂ ಕಾಪಿಡಬೇಕು. ಎಕ್ಸ್‌ಪಿಯಲ್ಲಿ ನಡೆಯುವ ಎನ್‌ವಿಡಿಎಯ ಕೊನೆಯ ಆವೃತ್ತಿ 2017.3, ವಿಂಡೋಸ್ 7ರಲ್ಲಿ ನಡೆಯುವುದರಲ್ಲಿ ಕೊನೆಯದು 2023.3 ಸರಣಿಯದು. ಇವನ್ನು ಮೊದಲೇ ಅಳವಡಿಸಿ, ಆರಂಭದಲ್ಲಿಯೇ ಮಾತನಾಡುವಂತೆ ಹೊಂದಿಸಿ ಇಟ್ಟ ಪ್ರತಿಯೊಂದಿದ್ದರೆ ಅಂಧ ಓದುಗರು ಯಾರ ಕಣ್ಣನ್ನೂ ಎರವಲು ಪಡೆಯಬೇಕಾಗಿಲ್ಲ. ಎಕ್ಸ್‌ಪಿಗೆ 2014ರಿಂದ ರಕ್ಷಣಾ ತಿದ್ದುಪಡಿಗಳು ನಿಂತಿರುವುದರಿಂದ ಅಂತಹ ಅತಿಥಿಗೆ ಅಂತರಜಾಲದ ಸಂಪರ್ಕ ಕೊಡಬಾರದು. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯ 42ನೆಯ ಪ್ರಕರಣವು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಯನ್ನು ಕುರಿತದ್ದು. ಅದಕ್ಕೆ ಸಂಬಂಧಿಸಿದ ಐಎಸ್ 17802 ಎಂಬ ಭಾರತೀಯ ಮಾನಕವೂ ಬಂದಿದೆ. ತಂತ್ರಾಂಶ ಖರೀದಿಸುವ ಸಂಸ್ಥೆಗಳು ಹೊರಮೈಯ ಗುಂಡಿಗಳನ್ನಷ್ಟೇ ಪರೀಕ್ಷಿಸಿ ತೃಪ್ತಿಪಡದೆ, ಒಳಗಿನ ಅತಿಥಿ ಸ್ಥಾಪನೆಯ ಮೊದಲ ಘಟ್ಟದಿಂದ ಮಾತನಾಡುತ್ತದೆಯೇ ಎಂದು ಕೇಳಬೇಕು.

ಆರಂಭದಲ್ಲಿ ಹೇಳಿದ ಗೀತಸಂಗ್ರಹದ ಕೆಲಸ ಕೊನೆಗೂ ಮುಗಿಯಿತು. ಎಕ್ಸ್‌ಪಿಯನ್ನು ಉತ್ತರಕಡತದ ನೆರವಿನಿಂದ ಸ್ಥಾಪಿಸಿ, 2017ರ ಎನ್‌ವಿಡಿಎಯನ್ನು ಒಳಗಿಟ್ಟ ಮೇಲೆ ಅತಿಥಿ ಮಾತನಾಡಿತು. ಪೇಜ್‌ಮೇಕರ್‌ನ ಮೆನುಗಳು ಓದಿಸಿಕೊಂಡವು. ಪುಟ ಮಾತ್ರ ಓದಿಸಿಕೊಳ್ಳಲಿಲ್ಲ. ಪುಟದ ಮೇಲೆ ಪಠ್ಯದ ಚೌಕವನ್ನು ಮೌಸ್‌ನಿಂದ ಹಿಡಿಯುವ ಕೆಲಸ ನನ್ನ ಪಾಲಿಗೆ ಉಳಿಯಿತು. ಹೊರತೆಗೆದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ ನಾನೊಮ್ಮೆ ಕರಡು ತಿದ್ದಿದೆ. ಅನಂತರ ವಿದ್ಯಾರ್ಥಿ ಅದನ್ನು ಇ-ಸ್ಪೀಕ್‌ನ ಕನ್ನಡ ದನಿಯಲ್ಲಿ ಕೇಳಿದರು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ಈ ಸ್ಥಾನಪಲ್ಲಟವನ್ನು ಕೆಲವೆಡೆ ಮಾಡಿರಲಿಲ್ಲ. ಮೊದಲ ಪುಟದಲ್ಲಿಯೇ ಧರ್ಮವು ‘ಧಮರ್’ ಎಂದೂ ಕರ್ನಾಟಕವು ‘ಕನಾರ್ಟಕ’ ಎಂದೂ ಕೇಳಿಸಿ ಅವರು ಯಂತ್ರವನ್ನು ನಿಲ್ಲಿಸಿದರು. ಅದೇ ಪುಟವನ್ನು ಎರಡು ಸಲ ಓದಿದ್ದ ನನ್ನ ಕಣ್ಣಿಗೆ ಅವು ಬಿದ್ದಿರಲಿಲ್ಲ.